ಆಜ್ಞೆ, ಮೌನ, ಮಾತ್ರೆ: ರೊಮೇನಿಯದ ಕುಟುಂಬ ಯೋಜನೆಯನ್ನು ಓದುವ ಬಗೆ

1

ಒಂದು ಸಾರ್ವಜನಿಕ ಸೇವೆಯ ಚರಿತ್ರೆಯನ್ನು ಸಾಮಾನ್ಯವಾಗಿ ಅದನ್ನು ಕಟ್ಟಿದವರೇ ಬರೆಯುತ್ತಾರೆ. ಆ ಸೇವೆ ಇಲ್ಲದಿದ್ದ ಕಾಲದ ಚರಿತ್ರೆಯನ್ನು ಕಾದಂಬರಿಕಾರರು, ಚಲನಚಿತ್ರಕಾರರು, ಮಾನವಶಾಸ್ತ್ರಜ್ಞರು ಬರೆಯುತ್ತಾರೆ. ಈ ಎರಡು ಬಗೆಯ ಬರವಣಿಗೆಗಳು ಬೇರೆ ಬೇರೆ ಕಪಾಟುಗಳಲ್ಲಿ ಉಳಿದುಬಿಡುವುದರಿಂದ ಒಂದರ ಕೊರತೆ ಇನ್ನೊಂದರ ಓದುಗರಿಗೆ ಕಾಣುವುದಿಲ್ಲ. 1989ರ ನಂತರದ ರೊಮೇನಿಯ ಇದಕ್ಕೆ ಒಂದು ಸ್ಪಷ್ಟ ನಿದರ್ಶನ. ಜನಾರೋಗ್ಯದ ವಿದ್ವಾಂಸರಿಗೆ ಆ ದೇಶ ಕುಟುಂಬ ಯೋಜನೆ ಹಾಗೂ ಪ್ರಜನನ ಆರೋಗ್ಯ ಸೇವೆಗಳು ಅಲ್ಪಾವಧಿಯಲ್ಲಿ ವಿಸ್ತಾರಗೊಂಡ ಒಂದು ಯಶಸ್ವಿ ಪ್ರಕರಣ. ಸಾಹಿತ್ಯ ಮತ್ತು ಸಿನಿಮಾದ ಅಭ್ಯಾಸಿಗಳಿಗೆ ಅದು ಹೆಣ್ಣಿನ ಗರ್ಭವನ್ನು ಪ್ರಭುತ್ವ ತನ್ನ ಆಸ್ತಿಯೆಂದು ಸಾರಿದ ನೆಲ. ಎರಡೂ ನಿಜ. ಆದರೆ ಎರಡನ್ನೂ ಒಟ್ಟಿಗೆ ಇಟ್ಟು ಓದಿದವರು ಕಡಿಮೆ.

ಪ್ರಸ್ತುತ ಲೇಖನ ನಾಲ್ಕು ಪಠ್ಯಗಳನ್ನು ಅಕ್ಕಪಕ್ಕದಲ್ಲಿ ಇರಿಸಿಕೊಳ್ಳುತ್ತದೆ. ಗೇಲ್ ಕ್ಲಿಗ್‌ಮನ್ ಅವರ ‘ದ್ವಿಮುಖತೆಯ ರಾಜಕಾರಣ’ ಎಂಬ ಸಂಶೋಧನ ಗ್ರಂಥ (1998), ಹೆರ್ಟಾ ಮ್ಯುಲರ್ ಅವರ ಜರ್ಮನ್ ಕಾದಂಬರಿ ‘ಹೆರ್ತ್ಸ್‌ಟೀರ್’ (1994), ಕ್ರಿಸ್ಟಿಯನ್ ಮುಂಜಿಯು ಅವರ ಚಲನಚಿತ್ರ ‘4 ತಿಂಗಳು, 3 ವಾರ ಮತ್ತು 2 ದಿನ’ (2007), ಮತ್ತು ಇವುಗಳ ಜೊತೆಗೆ ಸಾಹಿತ್ಯವೆಂದು ಯಾರೂ ಪರಿಗಣಿಸದ ಯೋಜನಾ ವರದಿಗಳು ಹಾಗೂ ಪ್ರಜನನ ಆರೋಗ್ಯ ಸಮೀಕ್ಷೆಗಳು. ವರದಿಯೂ ಒಂದು ಗದ್ಯಪ್ರಕಾರ. ಅದಕ್ಕೂ ತನ್ನದೇ ನಿರೂಪಕ, ತನ್ನದೇ ನಾಯಕ, ತನ್ನದೇ ಮೌನಗಳಿವೆ ಎಂಬುದು ಇಲ್ಲಿನ ಗ್ರಹಿಕೆ. ಕಲಾಕೃತಿಗಳು ನಿರಾಕರಣೆಯನ್ನು ನೆನಪಿಟ್ಟು ಸೇವೆಯನ್ನು ಮರೆತಿವೆ. ವರದಿಗಳು ಸೇವೆಯನ್ನು ಲೆಕ್ಕವಿಟ್ಟು ನಿರಾಕರಣೆಯನ್ನು ಪೀಠಿಕೆಯ ಒಂದು ಪರಿಚ್ಛೇದಕ್ಕೆ ಇಳಿಸಿವೆ. ಈ ಒಡಕಿಗೆ ಬೆಲೆ ತೆತ್ತವರು ಇದ್ದಾರೆ ಎಂಬುದನ್ನು ತೋರಿಸುವುದು ನನ್ನ ಉದ್ದೇಶ.

2

ಮೊದಲು ಸಂಗತಿಗಳು. 1957ರಲ್ಲಿ ರೊಮೇನಿಯ ಗರ್ಭಪಾತವನ್ನು ಕಾನೂನುಬದ್ಧಗೊಳಿಸಿತು. ಗರ್ಭನಿರೋಧಕಗಳು ವಿರಳವಾಗಿದ್ದ ಆ ದೇಶದಲ್ಲಿ ಮುಂದಿನ ಕೆಲವೇ ವರ್ಷಗಳಲ್ಲಿ ಗರ್ಭಪಾತವೇ ಜನನ ನಿಯಂತ್ರಣದ ಪ್ರಧಾನ ವಿಧಾನವಾಯಿತು. 1966ರ ಅಕ್ಟೋಬರ್‌ನಲ್ಲಿ ನಿಕೊಲಾಯ್ ಚೌಷೆಸ್ಕು ಸರ್ಕಾರ 770ನೆಯ ಆಜ್ಞೆಯನ್ನು ಹೊರಡಿಸಿತು. 45 ವರ್ಷ ಮೀರಿದವರು, ನಾಲ್ಕು ಮಕ್ಕಳನ್ನು ಹೆತ್ತವರು, ಅತ್ಯಾಚಾರಕ್ಕೆ ಒಳಗಾದವರು, ಪ್ರಾಣಾಪಾಯದಲ್ಲಿರುವವರು ಮೊದಲಾದ ಕೆಲವರನ್ನು ಬಿಟ್ಟು ಉಳಿದೆಲ್ಲರಿಗೂ ಗರ್ಭಪಾತ ನಿಷಿದ್ಧವಾಯಿತು. ಗರ್ಭನಿರೋಧಕಗಳು ಅಧಿಕೃತ ಮಾರುಕಟ್ಟೆಯಿಂದ ಬಹುಮಟ್ಟಿಗೆ ಮಾಯವಾದವು. 25 ವರ್ಷ ದಾಟಿಯೂ ಮಕ್ಕಳಿಲ್ಲದವರು, ವಿವಾಹಿತರಾಗಿರಲಿ ಅವಿವಾಹಿತರಾಗಿರಲಿ, ಹೆಚ್ಚುವರಿ ತೆರಿಗೆ ಕಟ್ಟಬೇಕಾಯಿತು.

ಫಲಿತಾಂಶ ಒಡನೆಯೇ ಕಾಣಿಸಿತು. 1966ರಲ್ಲಿ ಸುಮಾರು 2.7 ಲಕ್ಷವಿದ್ದ ಜನನಗಳ ಸಂಖ್ಯೆ 1967ರಲ್ಲಿ 5.2 ಲಕ್ಷವನ್ನು ದಾಟಿತು. ಆ ಕಾಲದಲ್ಲಿ ಹುಟ್ಟಿದವರನ್ನು ರೊಮೇನಿಯನ್ ಭಾಷೆ ‘ಡೆಕ್ರೆತ್ಸೇಯ್’ ಎಂದು ಕರೆಯಿತು. ಕನ್ನಡದಲ್ಲಿ ‘ಆಜ್ಞಾಶಿಶುಗಳು’ ಎನ್ನಬಹುದಾದ ಈ ಪದವೇ ಒಂದು ತಲೆಮಾರಿನ ಮೇಲಿನ ಕಹಿ ಟಿಪ್ಪಣಿ. ಆದರೆ ಏರಿಕೆ ಉಳಿಯಲಿಲ್ಲ. ಜನ ಗುಟ್ಟಾದ ದಾರಿಗಳನ್ನು ಕಂಡುಕೊಂಡರು. 1980ರ ದಶಕದ ಆರಂಭಕ್ಕೆ ಜನನ ಪ್ರಮಾಣ ಬಹುತೇಕ ಹಿಂದಿನ ಮಟ್ಟಕ್ಕೆ ಇಳಿದಿತ್ತು. ಸರ್ಕಾರ ಹಟ ಬಿಡಲಿಲ್ಲ. ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರಿಗೆ ಸ್ತ್ರೀರೋಗ ತಪಾಸಣೆ ಕಡ್ಡಾಯವಾಯಿತು. ಆಸ್ಪತ್ರೆಯ ಹಾಸಿಗೆಯ ಬದಿಗೂ ತನಿಖಾಧಿಕಾರಿಗಳು ಬಂದರು. 1985ರಲ್ಲಿ ವಿನಾಯಿತಿಗೆ ಬೇಕಾದ ಮಕ್ಕಳ ಸಂಖ್ಯೆ ಐದಕ್ಕೆ ಏರಿತು.

ಸತ್ತವರ ಲೆಕ್ಕ ಹೀಗಿದೆ: 1989ರಲ್ಲಿ ಒಂದು ಲಕ್ಷ ಸಜೀವ ಜನನಗಳಿಗೆ ತಾಯಂದಿರ ಮರಣ ಪ್ರಮಾಣ ಸುಮಾರು 170, ಯುರೋಪಿನಲ್ಲೇ ಅತ್ಯಧಿಕ. ಈ ಸಾವುಗಳಲ್ಲಿ ಬಹುಪಾಲಿಗೆ ಅಸುರಕ್ಷಿತ ಗರ್ಭಪಾತವೇ ಕಾರಣ. ಆಜ್ಞೆ ಜಾರಿಯಲ್ಲಿದ್ದ 23 ವರ್ಷಗಳಲ್ಲಿ ಹೀಗೆ ಮಡಿದವರು ಅಧಿಕೃತ ದಾಖಲೆಗಳ ಪ್ರಕಾರವೇ 9,000ಕ್ಕೂ ಹೆಚ್ಚು. 1989ರ ಡಿಸೆಂಬರ್ 26ರಂದು, ಚೌಷೆಸ್ಕುವನ್ನು ಗುಂಡಿಟ್ಟು ಕೊಂದ ಮರುದಿನ, ಹೊಸ ಆಡಳಿತ ಆ ನಿರ್ಬಂಧವನ್ನು ರದ್ದುಗೊಳಿಸಿತು. ಮುಂದಿನ ಒಂದು ವರ್ಷದಲ್ಲಿ ತಾಯಂದಿರ ಮರಣ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಕಾನೂನಿನ ಒಂದು ಸಾಲು ಎಷ್ಟು ಜೀವ ತೆಗೆಯಬಲ್ಲುದು, ಎಷ್ಟು ಜೀವ ಉಳಿಸಬಲ್ಲುದು ಎಂಬುದಕ್ಕೆ ಇಷ್ಟು ನಿಚ್ಚಳವಾದ ಸಾಕ್ಷ್ಯ ಬೇರೆಡೆ ದೊರೆಯುವುದು ಕಷ್ಟ.

3

ಕ್ಲಿಗ್‌ಮನ್ ಅವರ ಗ್ರಂಥದ ಮಹತ್ವವಿರುವುದು ಈ ಸಂಗತಿಗಳನ್ನು ಒಬ್ಬ ಸರ್ವಾಧಿಕಾರಿಯ ಹುಚ್ಚುತನಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳದೆ ಇರುವುದರಲ್ಲಿ. ಅಧಿಕೃತ ದಾಖಲೆ, ಪಕ್ಷದ ಪ್ರಚಾರ, ವೈದ್ಯರ ಹಾಗೂ ಮಹಿಳೆಯರ ಹೇಳಿಕೆಗಳನ್ನು ಆಧರಿಸಿ ಅವರು ಆಜ್ಞೆ ದಿನನಿತ್ಯದಲ್ಲಿ ಹೇಗೆ ನಡೆಯಿತೆಂಬುದನ್ನು ವಿವರಿಸುತ್ತಾರೆ. ವೈದ್ಯ ಹಗಲು ಕಾನೂನಿನ ಪರ ಮಾತನಾಡಿ ರಾತ್ರಿ ಸಹಾಯಕ್ಕೆ ಬರುತ್ತಾನೆ, ಅಥವಾ ಹಣಕ್ಕಾಗಿ ಬರುತ್ತಾನೆ. ಅಧಿಕಾರಿ ಗುರಿ ತಲುಪಿದೆಯೆಂದು ಸುಳ್ಳು ಲೆಕ್ಕ ಕಳಿಸುತ್ತಾನೆ. ಗೃಹಿಣಿ ಬಹಿರಂಗದಲ್ಲಿ ಒಪ್ಪುತ್ತ ಅಂತರಂಗದಲ್ಲಿ ತಪ್ಪಿಸಿಕೊಳ್ಳುತ್ತಾಳೆ. ಎಲ್ಲರೂ ಎರಡು ನಾಲಿಗೆಯಲ್ಲಿ ಬದುಕಬೇಕಾದ ಈ ಸ್ಥಿತಿಯನ್ನೇ ಅವರು ದ್ವಿಮುಖತೆ ಎನ್ನುತ್ತಾರೆ. ಆ ದ್ವಿಮುಖತೆಯೇ ಆಡಳಿತವನ್ನು ನಡೆಯಗೊಟ್ಟಿತು ಎಂಬ ಕಠೋರ ತೀರ್ಮಾನಕ್ಕೂ ಅವರು ಹಿಂಜರಿಯುವುದಿಲ್ಲ.

ಗ್ರಂಥದ ಮಿತಿಯೂ ಅದರ ಶಕ್ತಿಯ ಬದಿಯಲ್ಲೇ ಇದೆ. ವಿಶ್ಲೇಷಣೆಯ ಪರಿಭಾಷೆ ಬಹುಮಟ್ಟಿಗೆ ಪ್ರಭುತ್ವವನ್ನು ಕೇಂದ್ರವಾಗಿಟ್ಟುಕೊಂಡದ್ದು. ಹೆಂಗಸರ ಕಹಿ ನೆನಪುಗಳು ಬಹುಪಾಲು ಒಂದು ಪ್ರತ್ಯೇಕ ಅಧ್ಯಾಯದಲ್ಲಿ ಸಾಕ್ಷ್ಯಗಳಾಗಿ ಸೇರಿವೆ. ಓದುಗನಿಗೆ ಆ ಅಧ್ಯಾಯ ಮರೆಯಲಾಗದ್ದು. ಆದರೆ ಅದರ ಭಾಷೆ ಸುತ್ತಲಿನ ಅಧ್ಯಾಯಗಳ ಭಾಷೆಯನ್ನು ಬದಲಿಸುವುದಿಲ್ಲ. ಸಾಕ್ಷ್ಯ ನುಡಿದವರ ಮಾತಿನಿಂದಲೇ ಸಿದ್ಧಾಂತ ಮೂಡಬಹುದಿತ್ತೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

4

ಆ ಪ್ರಶ್ನೆಗೆ ಉತ್ತರದಂತಿದೆ ‘ಹೆರ್ತ್ಸ್‌ಟೀರ್’. ಮ್ಯುಲರ್ ರೊಮೇನಿಯದ ಬನಾತ್ ಪ್ರದೇಶದ ಜರ್ಮನ್ ಭಾಷಿಕ ಅಲ್ಪಸಂಖ್ಯಾತ ಸಮುದಾಯದಲ್ಲಿ 1953ರಲ್ಲಿ ಹುಟ್ಟಿದವರು. 1987ರಲ್ಲಿ ದೇಶ ತೊರೆದರು. 2009ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ‘ಹಸಿರು ಪ್ಲಮ್‌ಗಳ ನಾಡು’ ಎಂಬ ಅರ್ಥದ ಹೆಸರಿನಲ್ಲಿ ಇಂಗ್ಲಿಷಿಗೆ ಬಂದಿರುವ ಈ ಕಾದಂಬರಿಯ ಮೂಲ ಶೀರ್ಷಿಕೆಗೆ ‘ಹೃದಯಮೃಗ’ ಎಂದರ್ಥ. ಹೃದಯ ಮತ್ತು ಮೃಗ ಎಂಬ ಎರಡು ಪದಗಳು ರೊಮೇನಿಯನ್ ಭಾಷೆಯಲ್ಲಿ ಒಂದರೊಳಗೊಂದು ಬೆಸೆದುಕೊಳ್ಳುವ ಬಗೆಯಿಂದ ಈ ಜರ್ಮನ್ ಪದ ಹುಟ್ಟಿತೆಂದು ಲೇಖಕಿ ಹೇಳಿಕೊಂಡಿದ್ದಾರೆ. ಮನೆಮಾತಿನ ಕೆಳಗೆ ನಾಡಿನ ಮಾತು ಹರಿಯುತ್ತಿರುವ ಈ ಸ್ಥಿತಿ ಗಡಿನಾಡಿನ ಓದುಗರಿಗೆ ಹೊಸದಲ್ಲ.

ಕಾದಂಬರಿಯ ಆರಂಭದ ಭಾಗ ಲೋಲಾ ಎಂಬ ವಿದ್ಯಾರ್ಥಿನಿಯದು. ದೇಶದ ಬಡ ದಕ್ಷಿಣ ಭಾಗದಿಂದ ಓದಲು ಬಂದ ಅವಳು ಹಾಸ್ಟೆಲಿನ ಕೋಣೆಯ ಕಪಾಟಿನಲ್ಲಿ, ನಿರೂಪಕಿಯ ಸೊಂಟಪಟ್ಟಿಯಿಂದ ನೇಣು ಹಾಕಿಕೊಳ್ಳುತ್ತಾಳೆ. ಅವಳು ಬಸುರಿಯಾಗಿದ್ದಳೆಂಬುದು, ಅದಕ್ಕೆ ಯಾರು ಕಾರಣರೆಂಬುದು ಅವಳು ಬಿಟ್ಟುಹೋದ ನೋಟುಪುಸ್ತಕದಿಂದ ತಿಳಿಯುತ್ತದೆ. ಸತ್ತ ಮೇಲೆ ಅವಳನ್ನು ಸಭೆ ಸೇರಿ ಪಕ್ಷದಿಂದ ಹೊರಹಾಕಲಾಗುತ್ತದೆ. ನೆರೆದವರು ಅದನ್ನು ಅನುಮೋದಿಸುತ್ತಾರೆ. ಕಾದಂಬರಿ ಇಲ್ಲಿ ಆಜ್ಞೆಯ ಸಂಖ್ಯೆ ಹೇಳುವುದಿಲ್ಲ, ಕಾನೂನಿನ ವಿವರಕ್ಕೆ ಇಳಿಯುವುದಿಲ್ಲ. ಆದರೂ ಬೇಡದ ಬಸಿರಿಗೆ ಎಲ್ಲೂ ದಾರಿಯಿಲ್ಲದ ಒಂದು ಲೋಕದ ಆಕಾರ ಆ ಕಪಾಟಿನಲ್ಲಿ ಪೂರ್ತಿ ಕಾಣುತ್ತದೆ. ಕ್ಲಿಗ್‌ಮನ್ ದ್ವಿಮುಖತೆ ಎಂದು ಹೆಸರಿಸಿದ್ದನ್ನು ಮ್ಯುಲರ್ ಆ ಅನುಮೋದನೆಯ ಸಭೆಯಲ್ಲಿ ದೃಶ್ಯವಾಗಿಸುತ್ತಾರೆ.

ಇನ್ನೊಂದು ಮಾತು. ಲೋಲಾಳ ನೋಟುಪುಸ್ತಕ ಕದ್ದುಹೋಗುತ್ತದೆ; ಅದರಲ್ಲಿದ್ದುದು ನಿರೂಪಕಿಯ ನೆನಪಿನಲ್ಲಿ ಮಾತ್ರ ಉಳಿಯುತ್ತದೆ. ಹೆಣ್ಣಿನ ದೇಹದ ಬಗೆಗಿನ ದಾಖಲೆ ಯಾರ ಕೈಯಲ್ಲಿರಬೇಕು ಎಂಬುದು ಮುಂದೆ ಆರೋಗ್ಯ ಸೇವೆಯೂ ಎದುರಿಸಬೇಕಾದ ಪ್ರಶ್ನೆಯೇ. ಕಾದಂಬರಿ ಅದನ್ನು ಬಹಳ ಮುಂಚೆಯೇ ಎತ್ತಿತ್ತು.

5

ಮುಂಜಿಯು ಅವರ ಚಿತ್ರ 2007ರ ಕಾನ್ ಚಲನಚಿತ್ರೋತ್ಸವದಲ್ಲಿ ಸ್ವರ್ಣತಾಳೆ ಪ್ರಶಸ್ತಿ ಗಳಿಸಿತು. ಕಥೆ ನಡೆಯುವುದು 1987ರಲ್ಲಿ, ಒಂದೇ ದಿನದಲ್ಲಿ. ಗಬಿತ್ಸಾ ಎಂಬ ವಿದ್ಯಾರ್ಥಿನಿಗೆ ಗರ್ಭಪಾತ ಮಾಡಿಸಲು ಗೆಳತಿ ಓಟಿಲಿಯಾ ಹೋಟೆಲ್ ಕೋಣೆ ಹುಡುಕುತ್ತಾಳೆ, ಹಣ ಹೊಂದಿಸುತ್ತಾಳೆ, ಬೇಬೆ ಎಂಬ ಗಂಡಸನ್ನು ಕರೆತರುತ್ತಾಳೆ. ಹಣ ಸಾಲದೆಂದು ಅವನು ಇಬ್ಬರ ದೇಹವನ್ನೂ ಬೆಲೆಯಾಗಿ ಕೇಳುತ್ತಾನೆ. ಹಿನ್ನೆಲೆ ಸಂಗೀತವಿಲ್ಲದ, ಕದಲದ ದೀರ್ಘ ಚಿತ್ರಿಕೆಗಳ ಈ ಸಿನಿಮಾ ಕಾರ್ಯವಿಧಾನದ ಕಥನ: ಹೋಟೆಲಿನ ಕಾಯ್ದಿರಿಸುವಿಕೆ, ಗುರುತಿನ ಚೀಟಿ, ಸಿಗರೇಟು ಪೊಟ್ಟಣದ ವಿನಿಮಯ, ಬಸ್ಸು, ಮೆಟ್ಟಿಲು, ಬಾಗಿಲು.

ಚಿತ್ರದ ಬಗ್ಗೆ ಬಂದಿರುವ ಬಹುಪಾಲು ಬರಹಗಳು ಅದನ್ನು ಸರ್ವಾಧಿಕಾರದ ರೂಪಕವೆಂದು ಓದಿವೆ. ನಾನು ಅದನ್ನು ಸೇವೆಯ ಅಭಾವದ ಕರಾರುವಾಕ್ಕಾದ ವಿವರಣೆಯೆಂದು ಓದಲು ಬಯಸುತ್ತೇನೆ. ಒಂದು ಚಿಕಿತ್ಸಾಲಯ ನೀಡಬೇಕಾದ ಪ್ರತಿಯೊಂದು ಅಂಶವೂ ಇಲ್ಲಿ ತಲೆಕೆಳಗಾಗಿ ಬಂದಿದೆ. ಸಲಹೆಯ ಜಾಗದಲ್ಲಿ ಬೆದರಿಕೆ, ಸಮ್ಮತಿಯ ಜಾಗದಲ್ಲಿ ಬಲಾತ್ಕಾರ, ಗೋಪ್ಯತೆಯ ಜಾಗದಲ್ಲಿ ಭಯ, ನಂತರದ ಆರೈಕೆಯ ಜಾಗದಲ್ಲಿ ಹೋಟೆಲ್ ಕೋಣೆಯ ಒಂಟಿತನ. ಗಬಿತ್ಸಾ ತನ್ನ ತಿಂಗಳುಗಳ ಲೆಕ್ಕವನ್ನು ಸುಳ್ಳು ಹೇಳುವುದನ್ನು ಕೆಲವರು ಅವಳ ಸ್ವಭಾವದ ದೌರ್ಬಲ್ಯವೆಂದರು. ನಿಜ ಹೇಳಿದರೆ ಶಿಕ್ಷೆಯಾಗುವಲ್ಲಿ ಸುಳ್ಳು ಒಂದು ಆತ್ಮರಕ್ಷಣೆಯ ಭಾಷೆಯಾಗುತ್ತದೆ. ಕೊನೆಯಲ್ಲಿ ಗೆಳತಿಯರು ಈ ವಿಷಯವನ್ನು ಎಂದೂ ಮಾತನಾಡಬಾರದೆಂಬ ಒಪ್ಪಂದಕ್ಕೆ ಬರುತ್ತಾರೆ. 1989ರ ನಂತರ ಸೇವೆ ಕಟ್ಟಲು ಹೊರಟವರು ಎದುರಿಸಿದ್ದು ಈ ಸುಳ್ಳನ್ನು, ಈ ಮೌನವನ್ನು. ಚಿತ್ರ ಅಲ್ಲಿಗೆ ನಿಲ್ಲುತ್ತದೆ. ನಿಲ್ಲುವ ಹಕ್ಕು ಅದಕ್ಕಿದೆ. ಆದರೆ ವಿಮರ್ಶಕ ಅಲ್ಲಿಗೇ ನಿಲ್ಲಬೇಕಾಗಿಲ್ಲ.

6

ನಿಷೇಧ ತೆರವಾದ ಮಾತ್ರಕ್ಕೆ ಸೇವೆ ಹುಟ್ಟಲಿಲ್ಲ. 1990ರಲ್ಲಿ ರೊಮೇನಿಯದಲ್ಲಿ ದಾಖಲಾದ ಗರ್ಭಪಾತಗಳು ಸುಮಾರು 9.9 ಲಕ್ಷ, ಅದೇ ವರ್ಷದ ಜನನಗಳು 3.1 ಲಕ್ಷದಷ್ಟು. ಗರ್ಭಪಾತ ಈಗ ಕಾನೂನುಬದ್ಧ, ಬಹುಮಟ್ಟಿಗೆ ಸುರಕ್ಷಿತ. ಆದರೆ ಗರ್ಭಧಾರಣೆ ತಡೆಯುವ ಬೇರೆ ದಾರಿಗಳು ಹೆಚ್ಚಿನವರಿಗೆ ತಿಳಿದಿರಲಿಲ್ಲ, ತಿಳಿದವರಿಗೆ ನಂಬಿಕೆಯಿರಲಿಲ್ಲ. ಮಾತ್ರೆ ದೇಹವನ್ನು ಕೆಡಿಸುತ್ತದೆಂಬ ಹಳೆಯ ಪ್ರಚಾರ ವೈದ್ಯರ ಬಾಯಲ್ಲೂ ಉಳಿದಿತ್ತು. ಗರ್ಭಪಾತದಿಂದ ಬರುವ ಆದಾಯವೂ ಕೆಲವರನ್ನು ಹಳೆಯ ದಾರಿಗೇ ಕಟ್ಟಿಹಾಕಿತ್ತು. 1990ರ ದಶಕದಲ್ಲಿ ತೆರೆದ ಕುಟುಂಬ ಯೋಜನಾ ಕೇಂದ್ರಗಳು ಮುಖ್ಯವಾಗಿ ನಗರಗಳಲ್ಲಿದ್ದವು. 1993ರ ಸಮೀಕ್ಷೆಯಲ್ಲಿ ವಿವಾಹಿತ ಮಹಿಳೆಯರಲ್ಲಿ ಆಧುನಿಕ ವಿಧಾನ ಬಳಸುತ್ತಿದ್ದವರು ಶೇ. 14ರಷ್ಟು ಮಾತ್ರ.

ನಿರ್ಣಾಯಕ ಬದಲಾವಣೆ ಬಂದದ್ದು 2000ದ ಆಸುಪಾಸಿನಲ್ಲಿ, ಕುಟುಂಬ ಯೋಜನೆಯನ್ನು ತಜ್ಞರ ಕೋಣೆಯಿಂದ ಹಳ್ಳಿಯ ಕುಟುಂಬ ವೈದ್ಯರ ಮೇಜಿಗೆ ತಂದಾಗ. ಆರೋಗ್ಯ ಸಚಿವಾಲಯ, ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ, 1990ರಲ್ಲೇ ಹುಟ್ಟಿದ ದೇಶೀ ಸ್ವಯಂಸೇವಾ ಸಂಘ, ಇವುಗಳ ಜೊತೆಗೆ ಅಮೆರಿಕದ ಯುಎಸ್‌ಎಐಡಿ ನೆರವಿನಿಂದ 2001ರಿಂದ 2007ರವರೆಗೆ ನಡೆದ ‘ರೊಮೇನಿಯನ್ ಕುಟುಂಬ ಆರೋಗ್ಯ ಉಪಕ್ರಮ’ ಈ ಕೆಲಸವನ್ನು ದೇಶವ್ಯಾಪಿಯಾಗಿಸಿದವು. ಸೂತ್ರ ಸರಳ: ತರಬೇತಿ ಪಡೆದ ವೈದ್ಯರು, ಕೈಗೆಟುಕುವಲ್ಲಿ ಉಚಿತ ಗರ್ಭನಿರೋಧಕಗಳು, ಜನರಿಗೆ ಮಾಹಿತಿ, ಮೂರೂ ಒಂದೇ ಹಳ್ಳಿಯಲ್ಲಿ, ಒಂದೇ ಕಾಲದಲ್ಲಿ. 2004ರ ಸಮೀಕ್ಷೆಯ ವೇಳೆಗೆ ಆಧುನಿಕ ವಿಧಾನಗಳ ಬಳಕೆ ಶೇ. 38ರ ಆಸುಪಾಸಿಗೆ ಏರಿತ್ತು. ವರ್ಷದ ಗರ್ಭಪಾತಗಳ ಸಂಖ್ಯೆ ಎರಡು ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ತಾಯಂದಿರ ಮರಣ ಪ್ರಮಾಣ ಲಕ್ಷಕ್ಕೆ 30ಕ್ಕೂ ಕಡಿಮೆಯಾಗಿತ್ತು. ಸಾಹಿತ್ಯದ ಪಕ್ಷಪಾತದಿಂದ ಈ ಅಂಕಿಗಳನ್ನು ಹಗುರವಾಗಿ ಕಾಣುವುದು ಅನ್ಯಾಯ. ಪ್ರತಿ ಅಂಕಿಯ ಹಿಂದೆ ಲೋಲಾ ಆಗದೆ ಉಳಿದ ಒಬ್ಬ ಹೆಣ್ಣುಮಗಳಿದ್ದಾಳೆ.

ಆದರೂ ವರದಿಯ ಗದ್ಯವನ್ನು ಗದ್ಯವಾಗಿ ಓದಬೇಕು. ಅಲ್ಲಿ ಹೆಣ್ಣು ಕ್ರಮವಾಗಿ ‘ಬಳಕೆದಾರಳು’, ‘ಗ್ರಾಹಕಿ’, ‘ಈಡೇರದ ಅಗತ್ಯವುಳ್ಳವಳು’ ಆಗುತ್ತಾಳೆ. ವಾಕ್ಯಗಳ ಕರ್ತೃ ಸಾಮಾನ್ಯವಾಗಿ ಯೋಜನೆ, ಹೆಣ್ಣು ಕರ್ಮ. ಹಿಂದಿನ ಕಾಲು ಶತಮಾನದ ಹಿಂಸೆ ‘ಹಿನ್ನೆಲೆ’ ಎಂಬ ಶೀರ್ಷಿಕೆಯಡಿ ಮುಗಿದುಹೋಗುತ್ತದೆ. ಈ ಭಾಷೆ ಏನನ್ನು ಕಳೆದುಕೊಳ್ಳುತ್ತದೆಂಬುದನ್ನು ಒಂದೇ ಉದಾಹರಣೆಯಿಂದ ತೋರಿಸಬಹುದು. ಉಚಿತ ಗರ್ಭನಿರೋಧಕ ಪಡೆಯಲು ಬಡವರು ಆದಾಯದ ಪ್ರಮಾಣಪತ್ರ ತರಬೇಕಿದ್ದುದು ಸೇವೆಗೆ ಅಡ್ಡಿಯಾಗಿತ್ತು. ಆ ನಿಯಮ ಬದಲಾಗಿ, ತಾನು ಬಡವಳೆಂದು ಮಹಿಳೆ ಸ್ವತಃ ಘೋಷಿಸಿದರೆ ಸಾಕೆಂದಾಯಿತು. ನೀತಿ ದಾಖಲೆಗಳ ನುಡಿಯಲ್ಲಿ ಇದು ‘ಆಡಳಿತಾತ್ಮಕ ಅಡೆತಡೆಯ ನಿವಾರಣೆ’.

ಮುಂಜಿಯು ಅವರ ಚಿತ್ರ ನೋಡಿದವರು ಈ ಸಾಲನ್ನು ಹಾಗೆ ಓದಲಾರರು. 23 ವರ್ಷ ಕಾಲ ಹೆಣ್ಣಿನ ಮಾತನ್ನು ಸುಳ್ಳೆಂದೇ ಭಾವಿಸಿ ತಪಾಸಣೆ ನಡೆಸಿದ ಪ್ರಭುತ್ವ ಈಗ ಅದೇ ಹೆಣ್ಣಿನ ಬರಿಯ ಮಾತನ್ನು ಪ್ರಮಾಣವೆಂದು ಒಪ್ಪಿತು. ಒಂದು ಆಡಳಿತ ತನ್ನ ಪ್ರಜೆಯ ಬಗ್ಗೆ ಮನಸ್ಸು ಬದಲಿಸಿದ ಗಳಿಗೆ ಅದು. ರೊಮೇನಿಯದ ಸಂಕ್ರಮಣದ ಕಥೆಯಲ್ಲಿ ಇದಕ್ಕಿಂತ ಅರ್ಥಪೂರ್ಣವಾದ ತಿರುವನ್ನು ನಾನು ಕಾಣೆ. ಅದು ವರದಿಯ ಒಂದು ಅಂಶವಾಗಿ ಹುದುಗಿಹೋಗಿದೆ; ಯಾವ ಕಾದಂಬರಿಯೂ ಅದನ್ನು ಎತ್ತಿಕೊಂಡಂತಿಲ್ಲ. ಕಲಾಕೃತಿ ಬಲ್ಲವರಿಗೆ ಮಾತ್ರ ಈ ಸಾಲಿನ ತೂಕ ತಿಳಿಯುತ್ತದೆ, ವರದಿ ಓದುವವರಿಗೆ ಮಾತ್ರ ಈ ಸಾಲು ಸಿಗುತ್ತದೆ.

7

ಈ ನಂಬಿಕೆ ಎಲ್ಲರಿಗೂ ಸಮನಾಗಿ ದಕ್ಕಿತೇ ಎಂಬುದು ಅಲ್ಪಸಂಖ್ಯಾತರ ದೃಷ್ಟಿಯಿಂದ ಕೇಳಲೇಬೇಕಾದ ಪ್ರಶ್ನೆ. ರೊಮೇನಿಯದಲ್ಲಿ ಹಂಗೇರಿಯನ್ ಭಾಷಿಕರು ದೊಡ್ಡ ಅಲ್ಪಸಂಖ್ಯಾತ ಸಮುದಾಯ. 2001ರ ಸ್ಥಳೀಯಾಡಳಿತ ಕಾಯ್ದೆ ಶೇ. 20ಕ್ಕಿಂತ ಹೆಚ್ಚು ಅಲ್ಪಸಂಖ್ಯಾತರಿರುವ ಊರುಗಳಲ್ಲಿ ಅವರ ಭಾಷೆಗೆ ಆಡಳಿತದಲ್ಲಿ ಸ್ಥಾನ ಕೊಟ್ಟಿತು. ರೋಮಾ ಜನರ ಸ್ಥಿತಿ ಬೇರೆ. ಅವರಿಗೆ ಸಂಖ್ಯೆಯಿದ್ದರೂ ಸಂಸ್ಥೆಗಳ ಬಲವಿರಲಿಲ್ಲ. ಅವರು ಮಿತಿಮೀರಿ ಹೆರುತ್ತಾರೆಂಬ ದೂರು ಬಹುಸಂಖ್ಯಾತರ ನಾಲಿಗೆಯ ಮೇಲೆ ಸದಾ ಇತ್ತು. ಅತ್ತ ಚೆಕೊಸ್ಲೊವಾಕಿಯದಲ್ಲಿ ರೋಮಾ ಹೆಂಗಸರಿಗೆ ಒತ್ತಾಯದ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದಿದ್ದವು. 2009ರಲ್ಲಿ ಚೆಕ್ ಸರ್ಕಾರ ಅದಕ್ಕೆ ವಿಷಾದ ವ್ಯಕ್ತಪಡಿಸಿತು. ಹೀಗಿರುವಾಗ ಉಚಿತ ಗರ್ಭನಿರೋಧಕ ಹಿಡಿದು ಬಂದವರನ್ನು ರೋಮಾ ಹೆಣ್ಣು ಸಂಶಯದಿಂದ ನೋಡಿದರೆ ಅದನ್ನು ಅಜ್ಞಾನವೆನ್ನಲಾಗದು. ಬಹುಸಂಖ್ಯಾತ ಹೆಣ್ಣಿಗೆ ಸೇವೆಯೆನಿಸಿದ್ದು ಅಲ್ಪಸಂಖ್ಯಾತ ಹೆಣ್ಣಿಗೆ ನಿಯಂತ್ರಣವೆನಿಸಬಹುದು.

ಇದಕ್ಕೆ ಆ ದೇಶ ಕಂಡುಕೊಂಡ ಒಂದು ಪರಿಹಾರ ಗಮನಾರ್ಹವಾದದ್ದು. ‘ರೋಮಾನಿ ಕ್ರಿಸ್’ ಎಂಬ ರೋಮಾ ಸಂಘಟನೆ 1990ರ ದಶಕದಲ್ಲಿ ಆರಂಭಿಸಿದ ಆರೋಗ್ಯ ಮಧ್ಯವರ್ತಿಗಳ ಪದ್ಧತಿಯನ್ನು 2002ರಲ್ಲಿ ಆರೋಗ್ಯ ಸಚಿವಾಲಯ ಅಧಿಕೃತವಾಗಿ ತನ್ನದಾಗಿಸಿಕೊಂಡಿತು. ಅದೇ ಸಮುದಾಯದ ಹೆಂಗಸರು ವೈದ್ಯರ ಮತ್ತು ತಮ್ಮ ಜನರ ನಡುವೆ ನಿಂತು ಎರಡೂ ಕಡೆಯ ಮಾತನ್ನು ಎರಡೂ ಕಡೆಗೆ ತಿಳಿಸುವವರಾದರು. ವರದಿಗಳಲ್ಲಿ ಇವರು ಸೇವೆಯನ್ನು ತಲುಪಿಸುವ ಸಾಧನ. ವಾಸ್ತವದಲ್ಲಿ ಇವರು ಅನುವಾದಕಿಯರು. ನುಡಿಯನ್ನಷ್ಟೇ ಅಲ್ಲದೆ ನಾಚಿಕೆ, ಭಯ, ಮರ್ಯಾದೆಗಳನ್ನೂ ಅನುವಾದಿಸುವವರು. ಭಾಷಾ ಅಲ್ಪಸಂಖ್ಯಾತರ ಅಧ್ಯಯನದಲ್ಲಿ ಶಾಲೆ, ನ್ಯಾಯಾಲಯ, ಪಂಚಾಯಿತಿಗಳ ಬಗ್ಗೆ ಬರೆದಷ್ಟು ಹೆರಿಗೆ ವಾರ್ಡಿನ ಬಗ್ಗೆ ನಾವು ಬರೆದಿಲ್ಲ ಎಂಬುದನ್ನು ಈ ಮಧ್ಯವರ್ತಿಗಳು ನೆನಪಿಸುತ್ತಾರೆ.

8

ಈ ನೆನಪು ನಮ್ಮ ಕಡೆಗೂ ತಿರುಗುತ್ತದೆ. ಕನ್ನಡದಲ್ಲಿ ಈ ವಿಷಯಕ್ಕೆ ಬಳಕೆಯಾಗಿರುವ ಆಡಳಿತ ಪದಗಳನ್ನು ಸಾಲಾಗಿ ನೋಡೋಣ. 1930ರಲ್ಲಿ ಮೈಸೂರು ಸಂಸ್ಥಾನ ಸರ್ಕಾರಿ ಚಿಕಿತ್ಸಾಲಯಗಳಿಗೆ ಅನುಮತಿ ಕೊಟ್ಟಾಗ ಅದು ‘ಸಂತಾನ ನಿಯಂತ್ರಣ’ದ ಕಾಲ. 1952ರ ರಾಷ್ಟ್ರೀಯ ಕಾರ್ಯಕ್ರಮದೊಡನೆ ಬಂದದ್ದು ‘ಕುಟುಂಬ ಯೋಜನೆ’. ತುರ್ತು ಪರಿಸ್ಥಿತಿಯಲ್ಲಿ 1976–77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು, ಅನೇಕ ಕಡೆ ಬಲವಂತದಿಂದ, ನಡೆದ ಮೇಲೆ ಆ ಪದ ಕಳಂಕಿತವಾಗಿ ‘ಕುಟುಂಬ ಕಲ್ಯಾಣ’ವಾಯಿತು. 1994ರ ಕೈರೊ ಸಮ್ಮೇಳನದ ನಂತರ ‘ಪ್ರಜನನ ಆರೋಗ್ಯ’ ಸೇರಿಕೊಂಡಿತು. ರೊಮೇನಿಯ ಹೆರಲು ಒತ್ತಾಯಿಸಿತು, ನಮ್ಮಲ್ಲಿ ಹೆರದಿರಲು ಒತ್ತಾಯಿಸಲಾಯಿತು. ದಿಕ್ಕು ಬೇರೆ, ಕೈ ಒಂದೇ. ಈ ಪದಗಳಲ್ಲಿ ಸಂತಾನವಿದೆ, ಕುಟುಂಬವಿದೆ, ಯೋಜನೆಯಿದೆ. ಹೆಣ್ಣು ಎಲ್ಲೂ ಇಲ್ಲ.

ಹೆಂಗಸರ ಮಾತಿನಲ್ಲಿ ಬೇರೆಯೇ ಪದಕೋಶವಿದೆ. ದಿನ ತಪ್ಪುವುದು, ಬಸಿರು ನಿಲ್ಲುವುದು, ಬಸಿರು ತೆಗೆಸುವುದು. ‘ಆಪರೇಷನ್ ಆಗಿದೆಯಾ?’ ಎಂದು ಒಬ್ಬಳು ಇನ್ನೊಬ್ಬಳನ್ನು ಕೇಳಿದರೆ ಯಾವ ಆಪರೇಷನ್ ಎಂದು ಬಿಡಿಸಿ ಹೇಳಬೇಕಾಗಿಲ್ಲ. ನೂರಾರು ಶಸ್ತ್ರಚಿಕಿತ್ಸೆಗಳ ನಡುವೆ ಆ ಒಂದೇ ಆ ಹೆಸರನ್ನು ತನ್ನದಾಗಿಸಿಕೊಂಡಿದೆ. ಒಂದು ನೀತಿ ಹೆಂಗಸರ ಸಂತಾನಹರಣದ ಮೇಲೆ ಎಷ್ಟು ಆತುಕೊಂಡಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಭಾಷಿಕ ಸಾಕ್ಷ್ಯ ಬೇಕೆ? ಈ ಪದಕೋಶ ಕನ್ನಡದ ಆಡಳಿತ ಪದಕೋಶದೊಡನೆಯೇ ಸರಿಯಾಗಿ ಸಂಧಿಸಿಲ್ಲ. ಕಾಸರಗೋಡಿನ, ತಾಳವಾಡಿಯ, ಅಕ್ಕಲಕೋಟೆಯ, ಮಡಕಶಿರಾದ ಕನ್ನಡ ಮಾತಿನ ಹೆಂಗಸು ತನ್ನ ಒಳಮಾತನ್ನು ಮಲಯಾಳ, ತಮಿಳು, ಮರಾಠಿ, ತೆಲುಗು ಪ್ರಧಾನವಾಗಿರುವ ಕಚೇರಿಯ ನುಡಿಗೆ ದಾಟಿಸಬೇಕಾದಾಗ ಅವಳಿಗೆ ಎರಡು ಅನುವಾದಗಳು ಬೇಕಾಗುತ್ತವೆ: ಮನೆಯ ಕನ್ನಡದಿಂದ ವೈದ್ಯಕೀಯ ಭಾಷೆಗೊಂದು, ಕನ್ನಡದಿಂದ ರಾಜ್ಯಭಾಷೆಗೊಂದು. ಬಸ್ಸಿನ ಫಲಕ ಓದಲು ಸಾಲುವ ದ್ವಿಭಾಷಿಕತೆ ಈ ಮಾತಿಗೆ ಸಾಲದು.

9

ರೊಮೇನಿಯಕ್ಕೆ ಮರಳಿ ಮುಗಿಸುತ್ತೇನೆ. 2007ರ ಜನವರಿ 1ರಂದು ಆ ದೇಶ ಐರೋಪ್ಯ ಒಕ್ಕೂಟ ಸೇರಿತು. ಅದೇ ವರ್ಷ ಅಮೆರಿಕದ ನೆರವಿನ ಕಾರ್ಯಕ್ರಮ ಮುಗಿಯಿತು. ಅದೇ ವರ್ಷ ಮುಂಜಿಯು ಪ್ರಶಸ್ತಿ ಪಡೆದರು. ಒಂದೇ ವರ್ಷದಲ್ಲಿ ಜಗತ್ತು ರೊಮೇನಿಯದ ಹಳೆಯ ಗಾಯವನ್ನು ಕಂಡು ಚಪ್ಪಾಳೆ ತಟ್ಟಿತು, ಅದಕ್ಕೆ ಹಚ್ಚಿದ ಔಷಧಿಯ ಹೊಣೆಯಿಂದ ಬಿಡುಗಡೆ ಪಡೆಯಿತು. ಮುಂದಿನ ವರ್ಷಗಳಲ್ಲಿ ಉಚಿತ ಗರ್ಭನಿರೋಧಕಗಳ ಸರ್ಕಾರಿ ಖರೀದಿ ಕುಂಟತೊಡಗಿತು. ಹಳ್ಳಿಯ ವೈದ್ಯರ ಕಪಾಟುಗಳು ಬರಿದಾದವು. ‘ಸಂಕ್ರಮಣ ದೇಶ’ ಎಂಬ ಪರಿಭಾಷೆಯ ದೋಷ ಇಲ್ಲಿ ಬಯಲಾಗುತ್ತದೆ. ನಮ್ಮ ಪಂಚಾಂಗದ ಸಂಕ್ರಮಣ ಒಂದು ಗಳಿಗೆಯಲ್ಲಿ ಮುಗಿಯುವಂಥದ್ದು. ದೇಶದ ಸಂಕ್ರಮಣವನ್ನೂ ಅನುದಾನ ಕೊಟ್ಟವರು ಹಾಗೆಯೇ ಎಣಿಸಿದರು. ಒಕ್ಕೂಟದ ಹೊಸ್ತಿಲು ದಾಟಿದ ದಿನವೇ ಹೆಂಗಸರ ಅಗತ್ಯವೂ ದಡ ಸೇರಿತೆಂದು ಭಾವಿಸಿದರು.

ಆ ಕಪಾಟುಗಳು ಬರಿದಾದಾಗ ಎದ್ದ ಸಾರ್ವಜನಿಕ ದನಿ ಏಕೆ ಅಷ್ಟು ಕ್ಷೀಣವಾಗಿತ್ತು? ಹಣದ ಕೊರತೆ, ಜನಸಂಖ್ಯೆ ಕುಸಿಯುತ್ತಿದೆಯೆಂಬ ಆತಂಕ, ಸಂಪ್ರದಾಯವಾದದ ಏರಿಕೆ, ಇವೆಲ್ಲ ಕಾರಣಗಳಿರಬಹುದು. ನಾನು ಸೂಚಿಸಬಯಸುವ ಇನ್ನೊಂದು ಕಾರಣ ಸಾಂಸ್ಕೃತಿಕವಾದದ್ದು. ಆಜ್ಞೆಯ ಕಾಲಕ್ಕೆ ಕಥೆಗಳಿದ್ದವು. ಸೇವೆಯ ಕಾಲಕ್ಕೆ ಕೋಷ್ಟಕಗಳಷ್ಟೇ ಇದ್ದವು. ಹಳ್ಳಿಯ ವೈದ್ಯೆಯೊಬ್ಬಳು ನೆರೆಮನೆಯವಳ ಮಾತನ್ನು ನಂಬಿ ಮಾತ್ರೆಯ ಪೊಟ್ಟಣ ಕೈಗಿತ್ತ ದಿನವನ್ನು ಯಾರೂ ಕಾದಂಬರಿಯಾಗಿಸಲಿಲ್ಲ, ಏಕೆಂದರೆ ಆ ದಿನ ಏನೂ ದುರಂತ ನಡೆಯಲಿಲ್ಲ. ಜನ ತಾವು ಕಥೆಯಾಗಿ ಬಲ್ಲದ್ದನ್ನು ಕಾಪಾಡಿಕೊಳ್ಳುತ್ತಾರೆ. ಕೋಷ್ಟಕವನ್ನು ಕಾಪಾಡಲು ಬೀದಿಗಿಳಿಯುವವರು ವಿರಳ.

ಆದ್ದರಿಂದ ಎರಡು ಕೋರಿಕೆಗಳು. ಯೋಜನೆ ಬರೆಯುವವರು ತಮ್ಮ ಸಮೀಕ್ಷೆಗಳ ಪಕ್ಕದಲ್ಲಿ ‘ಹೆರ್ತ್ಸ್‌ಟೀರ್’ನಂಥ ಕೃತಿಯನ್ನು ಇಟ್ಟುಕೊಳ್ಳಲಿ, ಹೆಣ್ಣೊಬ್ಬಳು ಪ್ರಶ್ನಾವಳಿಗೆ ಏಕೆ ಸುಳ್ಳು ಹೇಳುತ್ತಾಳೆಂಬುದು ಅಲ್ಲಿ ತಿಳಿಯುತ್ತದೆ. ಸಾಹಿತ್ಯ ಓದುವವರು ತಮ್ಮ ಕಪಾಟಿನಲ್ಲಿ ಒಂದೆರಡು ಸಮೀಕ್ಷಾ ವರದಿಗಳಿಗೂ ಜಾಗ ಮಾಡಲಿ. ಲೋಲಾಳ ನಂತರ ಹುಟ್ಟಿದವರು ಏಕೆ ಬದುಕಿದರೆಂಬುದು ಅಲ್ಲಿ ತಿಳಿಯುತ್ತದೆ. ಗಡಿನಾಡಿನ ಕನ್ನಡ ಅಧ್ಯಯನ ಈ ಎರಡೂ ಓದುಗಳನ್ನು ಒಂದು ಮಾಡುವ ಕೆಲಸವನ್ನು ತನ್ನ ನೆಲದಲ್ಲೇ ಆರಂಭಿಸಬಹುದು: ಉಪಕೇಂದ್ರದ ಜಗಲಿಯಲ್ಲಿ ಕೂತ ಹೆಂಗಸರು ತಮ್ಮ ದೇಹದ ಬಗ್ಗೆ ಯಾವ ಪದಗಳಲ್ಲಿ ಮಾತನಾಡುತ್ತಾರೆ, ಆ ಪದಗಳಲ್ಲಿ ಎಷ್ಟು ದಾದಿಯ ದಾಖಲೆ ಪುಸ್ತಕದವರೆಗೆ ತಲುಪುತ್ತವೆ ಎಂದು ಕೇಳಿ ಬರೆದುಕೊಳ್ಳುವುದರಿಂದ.